ನನಗೆ ತೋರಿಸದೆ ಹಾಕಿದ ಒಂದು ಸಾಲು

ಅವರು ತೀರಿಕೊಂಡು ಏಳು ತಿಂಗಳಾಯಿತು. ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳುತ್ತಾರೆ: "ಇಷ್ಟು ವರ್ಷ ಕೆಲಸ ಮಾಡಿದರೂ ಒಂದು ತಪ್ಪು ಮಾಡಿದವರಲ್ಲ." ಅವರ ಕೈಕೆಳಗೆ ಕೆಲಸ ಕಲಿತವರು ಹೇಳುತ್ತಾರೆ, ಅವರ ಅಕ್ಕ ಮೈಸೂರಿನಿಂದ ಫೋನಿನಲ್ಲಿ ಹೇಳುತ್ತಾರೆ, ಎದುರು ಮನೆಯ ತೆಲುಗಿನ ಅಜ್ಜ ಕೂಡ ಹೇಳುತ್ತಾರೆ. ನಾನು ಹೂಂ ಎಂದು ಚಹಾ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋಗುತ್ತೇನೆ. ಅಳಲಿಕ್ಕೆ ಹೋದಳು ಎಂದು ಬಂದವರು ತಿಳಿಯುತ್ತಾರೆ. ಕೆಲವೊಮ್ಮೆ ಅದಕ್ಕೇ ಹೋಗುತ್ತೇನೆ. ಹೆಚ್ಚಿನ ಸಲ ನಗು ತಡೆಯಲಾರದೆ ಹೋಗುತ್ತೇನೆ. ಏಕೆಂದರೆ ಅವರ ತಪ್ಪು ಹುಡುಕುವುದೇ ನನ್ನ ಕೆಲಸವಾಗಿತ್ತು. ಮದುವೆಗೆ ಮೊದಲು ಅದಕ್ಕೆ ಸಂಬಳವೂ ಬರುತ್ತಿತ್ತು.

ನಾನು ಬಹಳ ಓದಿದವಳಲ್ಲ. ಬೀದರಿನಲ್ಲಿ ಪಿಯುಸಿ ಮುಗಿಸಿದೆ, ಅದರ ಮೇಲೆ ಟೈಪಿಂಗ್ ಕಲಿತೆ, ಅಷ್ಟೇ. ಬರೆಯುವ ರೂಢಿಯೂ ಇಲ್ಲ. ಆದರೆ ತಪ್ಪೇ ಮಾಡದ ಮನುಷ್ಯನೊಬ್ಬನ ಫೋಟೋಗೆ ದಿನವೂ ಹೂವಿಡುವುದು ನನಗೆ ಕಷ್ಟವಾಗುತ್ತಿದೆ. ಆ ಮನುಷ್ಯ ಯಾರೋ ನನಗೆ ಗೊತ್ತಿಲ್ಲ. ನನಗೆ ಗೊತ್ತಿದ್ದವರು ಬೇರೆ. ಒಂದು ಮಂಗಳವಾರ ಅವರು ಒಂದು ಇಡೀ ಬಸ್ಸಿನ ಜನರನ್ನು ಕಣ್ಣಾಸ್ಪತ್ರೆಯಲ್ಲಿ ಸಂಜೆಯವರೆಗೆ ಕೂರಿಸಿದ್ದರು. ಅದನ್ನು ಬರೆಯುತ್ತೇನೆ.

ಆಗ ಹೈದರಾಬಾದಿನಲ್ಲಿ ಯಾವ ಕಂಬ ನೋಡಿದರೂ ಕಂಪ್ಯೂಟರ್ ಕಲಿಸುವ ಕ್ಲಾಸಿನ ಚೀಟಿ ಅಂಟಿಸಿರುತ್ತಿದ್ದರು. ಗಾಜಿನ ದೊಡ್ಡ ಕಟ್ಟಡಗಳು ಊರಾಚೆ ಏಳುತ್ತಿದ್ದವು. ನಮ್ಮ ಕಂಪನಿ ಅಂಥದ್ದಲ್ಲ. ಮೆಹದಿಪಟ್ಟಣಂನಲ್ಲಿ, ಸೋಫಾ ಫೋಮ್ ಮಾರುವ ಅಂಗಡಿಯ ಮೇಲೆ ಎರಡು ಕೋಣೆ, ಏಳು ಜನ. ನಾನು ಲಿಂಗಂಪಲ್ಲಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಬಸ್ಸಿನಲ್ಲಿ ಬರುತ್ತಿದ್ದೆ. ಮಾಲೀಕರು ಗುಂಟೂರಿನ ಕಡೆಯವರು, ಹಿಂದಿ ತೆಲುಗು ಕಲಸಿ ಮಾತಾಡುತ್ತಿದ್ದರು. ಮೊದಲ ದಿನ ನನ್ನನ್ನು ಒಂದು ಕಂಪ್ಯೂಟರಿನ ಮುಂದೆ ಕೂರಿಸಿ, "ನಿನಗೆ ಏನೂ ಗೊತ್ತಿಲ್ಲ ಅನ್ನೋದೇ ನನಗೆ ಬೇಕಾದದ್ದು, ಅಮ್ಮಾಯಿ. ಗೊತ್ತಿಲ್ಲದವರು ಹೇಗೆ ಒತ್ತುತ್ತಾರೋ ಹಾಗೆ ಒತ್ತು. ಕೆಟ್ಟರೆ ಬರೆದಿಡು," ಎಂದರು. ಅದಕ್ಕೆ ಟೆಸ್ಟಿಂಗ್ ಎಂದು ಹೆಸರು. ಮೂರು ತಿಂಗಳ ಗಡುವನ್ನೂ ಹಾಕಿದರು. ಕಣ್ಣಾಸ್ಪತ್ರೆಯ ಕೆಲಸ ಹಿಡಿದಿದ್ದೇವೆ, ಅದು ಸರಿಯಾಗಿ ನಿಂತರೆ ನೀನು ಖಾಯಂ, ಇಲ್ಲದಿದ್ದರೆ ಟೆಸ್ಟಿಂಗ್‌ಗೆ ಪ್ರತ್ಯೇಕ ಮನುಷ್ಯರೇ ಬೇಡ ಎಂದರು.

ನನಗೆ ಆ ಕೆಲಸ ಬಿಡುವ ಮನಸ್ಸಿರಲಿಲ್ಲ. ಮನೆಯಲ್ಲಿ ತಪ್ಪು ತೋರಿಸಿದರೆ ಬೈಸಿಕೊಳ್ಳುತ್ತಿದ್ದವಳಿಗೆ ಇಲ್ಲಿ ತಪ್ಪು ತೋರಿಸಿದರೆ "ಗುಡ್" ಅನ್ನುತ್ತಿದ್ದರು. ಅದೊಂದು ಸುಖ.

ಇವರು ಮೈಸೂರಿನವರು, ಅಲ್ಲಿ ಪ್ರೋಗ್ರಾಂ ಬರೆಯುತ್ತಿದ್ದರು. ಏಳು ಜನರಲ್ಲಿ ಕನ್ನಡದವರು ನಾವಿಬ್ಬರೇ. ಆದರೂ ಮೊದಲ ವಾರ ಒಬ್ಬರ ಕನ್ನಡ ಇನ್ನೊಬ್ಬರಿಗೆ ತಮಾಷೆಯಾಗಿ ಕೇಳುತ್ತಿತ್ತು. ನಾನು "ಇದು ನಡ್ಯಾಂಗಿಲ್ರಿ" ಎಂದರೆ ಅವರು ಪೆನ್ನು ಕೆಳಗಿಟ್ಟು, "ಯಾಕ್ರೀ ಬೈತೀರಾ?" ಎನ್ನುತ್ತಿದ್ದರು.

"ಬೈಯಾಕತ್ತಿಲ್ರಿ, ಹೇಳಾಕತ್ತೀನಿ."

"ನೀವು ಬೈದ್ರೆ ಹೇಗಿರುತ್ತೆ ಹಾಗಾದ್ರೆ?"

ಆಸ್ಪತ್ರೆಯ ಕೆಲಸ ಹೀಗಿತ್ತು. ಬೆಳಗ್ಗೆ ಬಂದ ರೋಗಿಗಳ ಹೆಸರನ್ನು ಬಾಗಿಲಲ್ಲಿ ಗುಮಾಸ್ತರು ರೇಷನ್ ಕಾರ್ಡು ನೋಡಿ ತೆಲುಗಿನಲ್ಲಿ ಬರೆದುಕೊಳ್ಳುತ್ತಿದ್ದರು. ಸರದಿ ಬಂದ ಹೆಸರು ರೋಗಿಗಳು ಕಾಯುವ ಹಾಲಿನ ಮುಂದಿನ ಕಂಪ್ಯೂಟರಿನಲ್ಲಿ ದೊಡ್ಡದಾಗಿ ಬರಬೇಕು. ಅಲ್ಲಿ ಕೂತ ಆಯಾ ಅದನ್ನು ಮೈಕಿನಲ್ಲಿ ಓದಬೇಕು. ಕಣ್ಣಾಸ್ಪತ್ರೆಗೆ ಬಂದವರಿಗೆ ಬೋರ್ಡು ಓದು ಎಂದರೆ ಹೇಗೆ? ನಂಬರ್ ಕೂಗಬಹುದಲ್ಲ ಎಂದು ನಮ್ಮ ಕಂಪನಿಯವರು ಕೇಳಿದ್ದರು. ಆಡಳಿತ ನೋಡುವ ದೊಡ್ಡ ಡಾಕ್ಟರಮ್ಮ, "ಇದು ಜೈಲಲ್ಲ, ಹೆಸರೇ ಕರೆಯಬೇಕು," ಎಂದಿದ್ದರು. ಆಯಾ ಯಾದಗಿರಿ ಕಡೆಯವಳು, ನಾಲ್ಕನೇ ಇಯತ್ತೆ ಓದಿದವಳು. ತೆಲುಗು ಅಕ್ಷರಗಳನ್ನು ಕನ್ನಡದ ಅಕ್ಷರಗಳ ಸಂಬಂಧಿಕರು ಎಂದು ತಿಳಿದು ಓದಿಬಿಡುತ್ತಿದ್ದಳು. ಮೈಕಿನ ಅಗತ್ಯವೂ ಆಕೆಗೆ ಅಷ್ಟಾಗಿ ಇರಲಿಲ್ಲ.

ಎರಡು ವಾರ ಎಲ್ಲ ಚೆನ್ನಾಗಿ ನಡೆಯಿತು. ಮೂರನೇ ವಾರದ ಸೋಮವಾರ ಮಧ್ಯಾಹ್ನ ಡಾಕ್ಟರಮ್ಮ ಫೋನ್ ಮಾಡಿದರು. ಪರದೆಯ ಮೇಲೆ ಮೂರು ಡಾಕ್ಟರುಗಳಿಗೆ ಮೂರು ಕಾಲಂ ಇದ್ದವು. ಉದ್ದದ ಹೆಸರುಗಳ ಬಾಲ ಕತ್ತರಿಸಿಹೋಗುತ್ತಿತ್ತು. ಚಿಕ್ಕದು ಮಾಡಿ ಎಂದರು. ನಾನು ಆಗ ಕೆಳಗೆ ಊಟಕ್ಕೆ ಹೋಗಿದ್ದೆ. ಇವರು ಒಂದು ಸಾಲು ಬದಲಾಯಿಸಿದರು: ಹೆಸರಿನ ಮೊದಲ ಮಾತನ್ನಷ್ಟೇ ತೋರಿಸು, ಉಳಿದದ್ದು ಬಿಡು. ತಮ್ಮ ಹೆಸರು ಹಾಕಿ ನೋಡಿದರು, ಸರಿಯಾಗಿ ಬಂತು. ನನ್ನ ಹೆಸರನ್ನೂ ಹಾಕಿ ನೋಡಿದರಂತೆ, ಅದೂ ಸರಿಯಾಗಿ ಬಂತು. ಫ್ಲಾಪಿಯನ್ನು ಅಂಗಿಯ ಜೇಬಿಗಿಟ್ಟುಕೊಂಡು ಸ್ಕೂಟರಿನಲ್ಲಿ ಹೋಗಿ ಆಸ್ಪತ್ರೆಯ ಕಂಪ್ಯೂಟರಿಗೆ ಹಾಕಿ ಬಂದರು. ಸೋಮವಾರ ಮಧ್ಯಾಹ್ನದ ಮೇಲೆ ಹೊರರೋಗಿಗಳಿರುವುದಿಲ್ಲ. ನಾನು ಊಟ ಮುಗಿಸಿ ಮೇಲೆ ಬರುವಷ್ಟರಲ್ಲಿ ಅವರು ಹೊರಟಾಗಿತ್ತು. ಒಂದು ಸಾಲು ತಾನೇ ಎಂದು ನನಗೆ ಹೇಳಲೂ ಇಲ್ಲ.

ಮೈಸೂರಿನಲ್ಲಿ ಹೆಸರಿನ ಮೊದಲ ಮಾತು ಆ ಮನುಷ್ಯನದು. ನಮ್ಮ ಬೀದರಿನಲ್ಲೂ ಹಾಗೆಯೇ. ತೆಲುಗರ ರೇಷನ್ ಕಾರ್ಡಿನಲ್ಲಿ ಮೊದಲು ಮನೆತನದ ಹೆಸರು, ಆಮೇಲೆ ಮನುಷ್ಯನದು. ಅಪ್ಪ, ಮಗ, ಸೊಸೆ, ದಾಯಾದಿ ಎಲ್ಲರಿಗೂ ಮೊದಲ ಮಾತು ಒಂದೇ. ಇನ್ನು ಊರಿನ ಮುಸಲ್ಮಾನ ಗಂಡಸರಲ್ಲಿ ಅರ್ಧದಷ್ಟು ಜನರ ಹೆಸರಿನ ಮೊದಲ ಮಾತೂ ಒಂದೇ. ಲಿಂಗಂಪಲ್ಲಿಯ ಬಸ್ಸಿನಲ್ಲಿ ಒಂದು ವಾರ ಓಡಾಡಿದವರಿಗೂ ಇದು ಗೊತ್ತು. ಇವರು ಬಾಡಿಗೆ ಕೋಣೆಯಿಂದ ಆಫೀಸಿಗೆ, ಆಫೀಸಿನಿಂದ ಕನ್ನಡದ ಮೆಸ್ಸಿಗೆ ಹೋಗುತ್ತಿದ್ದವರು.

ಮಂಗಳವಾರ ಹತ್ತು ಗಂಟೆಗೆ ಡಾಕ್ಟರಮ್ಮನ ಫೋನು ಬಂತು. "ಇಬ್ಬರೂ ಬನ್ನಿ, ಈಗಲೇ." ಅವರ ಸ್ಕೂಟರಿನಲ್ಲಿ ನಾನು ಮೊದಲ ಸಲ ಕೂತದ್ದು ಅಂದೇ. ದಾರಿಯಲ್ಲಿ ಕೇಳಿದೆ, "ಏನರ ಬದಲಿ ಮಾಡಿದ್ರೇನ್ರಿ?"

"ಏನಿಲ್ಲ ಕಣ್ರೀ. ಒಂದು ಸಾಲು."

ಹಾಲಿನೊಳಗೆ ಕಾಲಿಡುತ್ತಿದ್ದಂತೆ ಆಯಾ ಒಂದು ಹೆಸರು ಕೂಗಿದಳು. ಹನ್ನೊಂದು ಗಂಡಸರು ಎದ್ದು ನಿಂತರು. ಹನ್ನೊಂದೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಒಟ್ಟಿಗೆ ಕೂತರು, ಮತ್ತೆ ಒಟ್ಟಿಗೆ ಎದ್ದರು. ಆಯಾ ನಮ್ಮನ್ನು ನೋಡಿ ಮೈಕು ಆರಿಸದೆಯೇ ಹೇಳಿದಳು, "ಬರ್ರಿ ಬರ್ರಿ, ಮೈಸೂರು ಸಾಹೇಬ್ರ. ಮುಂಜಾನಿಂದ ನಿಮ್ಮ ಹೆಸರಲೇ ಬೈಯಾಕತ್ತೀನಿ. ಇದು ದವಾಖಾನಿ ಐತೋ, ಕವಾಯತಿನ ಮೈದಾನ ಐತೋ?"

ಇದಕ್ಕಿಂತ ದೊಡ್ಡದು ಇನ್ನೊಂದಿತ್ತು. ಅಂದು ಜಹೀರಾಬಾದ್ ಕಡೆಯ ಒಂದೇ ಹಳ್ಳಿಯಿಂದ ಬಸ್ಸು ಮಾಡಿಕೊಂಡು ನಲವತ್ತು ಜನ ಕಣ್ಣು ತೋರಿಸಲು ಬಂದಿದ್ದರು. ನಲವತ್ತು ಜನಕ್ಕೆ ಸೇರಿ ಇದ್ದದ್ದು ಮೂರೇ ಮನೆತನ. ಆಯಾ ಒಂದು ಮನೆತನದ ಹೆಸರು ಕೂಗಿದಾಗ ಎದುರಿಗೆ ಯಾರು ಮೊದಲು ಎದ್ದರೋ ಅವರನ್ನು ನರ್ಸ್ ಒಳಗೆ ಕರೆದು, ಪಾಪೆ ಹಿಗ್ಗಿಸುವ ಹನಿ ಬಿಟ್ಟು ಕೂರಿಸಿದ್ದಳು. ಹಾಗೆ ಹನಿ ಹಾಕಿಸಿಕೊಂಡವರಲ್ಲಿ ಒಬ್ಬ ಆ ಬಸ್ಸಿನ ಡ್ರೈವರು.

ಆತ ಗೋಡೆಗೆ ಒರಗಿ, ಕೈಯಿಂದ ಬೆಳಕು ಮರೆ ಮಾಡಿಕೊಂಡು ಕೂತಿದ್ದ. ಗಡಿಯ ಕಡೆಯವನಾದ್ದರಿಂದ ಕನ್ನಡ ಬರುತ್ತಿತ್ತು.

"ನಿಮ್ಮ ಕಣ್ಣಿಗೆ ಏನೂ ಆಗಿರಲಿಲ್ಲ ಅಲ್ವಾ?" ಎಂದು ಇವರು ಕೇಳಿದರು.

"ಏನೂ ಆಗಿದ್ದಿಲ್ರಿ."

"ಮತ್ತೆ ಯಾಕೆ ಹೋದಿರಿ?"

"ನಮ್ಮ ಮನಿ ಹೆಸರು ಕರದ್ರು. ಇಷ್ಟು ದೊಡ್ಡ ದವಾಖಾನಿಯವರು ಮೈಕಿನಾಗ ಕರದಾಗ ಒಲ್ಲೆ ಅನ್ನೋದು ಚಲೋ ಅನಸ್ತದೇನ್ರಿ?" ಆಮೇಲೆ ಇವರ ಕಡೆ ಕಣ್ಣು ಕಿರಿದು ಮಾಡಿ ನೋಡಿ, "ನೀವು ಇಬ್ಬರು ಅದೀರೋ ಒಬ್ಬರೋ?" ಎಂದ.

ಸಂಜೆಯವರೆಗೆ ಬಸ್ಸು ಹೊರಡುವಂತಿರಲಿಲ್ಲ. ಡಾಕ್ಟರಮ್ಮ ಜೋರು ಮಾಡಲಿಲ್ಲ, ಅದಕ್ಕೇ ಹೆಚ್ಚು ಹೆದರಿಕೆಯಾಯಿತು. ಸಂಜೆ ಐದರೊಳಗೆ ಸರಿಯಾಗದಿದ್ದರೆ ನಿಮ್ಮ ಕಂಪ್ಯೂಟರುಗಳನ್ನು ಎತ್ತಿಕೊಂಡು ಹೋಗಿ ಎಂದರು. ಅಷ್ಟರಲ್ಲಿ ಆಸ್ಪತ್ರೆಯ ಫೋನಿಗೆ ಮಾಲೀಕರ ಕರೆ ಬಂತು. ಇವರು ತೆಗೆದುಕೊಂಡರು. ಮಾಲೀಕರ ದನಿ ಎರಡು ಮೇಜಿನಾಚೆ ನಿಂತಿದ್ದ ನನಗೂ ಕೇಳುತ್ತಿತ್ತು. "ಟೆಸ್ಟಿಂಗ್ ಮಾಡಿದ್ದು ಆ ಅಮ್ಮಾಯಿ ಅಲ್ಲವಾ? ಐದಕ್ಕೆ ಬರುತ್ತೇನೆ. ಇವತ್ತಿಗೆ ಅವಳ ಕೆಲಸ ಮುಗಿಯಿತು ಎಂದು ಹೇಳು." ಇವರು "ಸರ್... ಸರ್..." ಎಂದರು. ಫೋನು ಇಟ್ಟರು.

"ಸಂಜೆ ಬರ್ತಾರಂತೆ," ಎಂದರು ನನಗೆ.

"ಕೇಳಿಸ್ತು."

"ಹೇಳೋಕೆ ಹೋದೆ ಕಣ್ರೀ, ಕಟ್ ಮಾಡ್ಬಿಟ್ರು."

ನಿಜವಾಗಿ ಕಟ್ ಮಾಡಿದರೋ, ಇವರೇ ಹೆದರಿ ಸುಮ್ಮನಾದರೋ, ಮದುವೆಯಾದ ಮೇಲೂ ಎಷ್ಟೋ ಸಲ ಕೇಳಿದ್ದೇನೆ. ಒಂದು ಸಲ ಹೀಗೆ, ಒಂದು ಸಲ ಹಾಗೆ ಹೇಳುತ್ತಿದ್ದರು. ಆ ಹೊತ್ತಿಗೆ ನನಗೆ ಬಂದದ್ದು ಸಿಟ್ಟು. ನಾನು ಕಾಣದ ಒಂದು ಸಾಲಿಗೆ ನನ್ನ ಕೆಲಸ ಹೋಗುವುದರಲ್ಲಿತ್ತು. ಅತ್ತುಬಿಡುತ್ತಿದ್ದೆನೇನೋ. ಆದರೆ ಅಷ್ಟರಲ್ಲಿ ಇವರು ಕಂಪ್ಯೂಟರಿನ ಮುಂದೆ ಕೂತು, "ಐದು ನಿಮಿಷ, ಈಗ ಸರಿ ಮಾಡ್ತೀನಿ," ಎಂದು ಇನ್ನೊಂದು ಸಾಲು ಬರೆಯತೊಡಗಿದರು.

ನಾನು ಕೀಬೋರ್ಡನ್ನು ಅವರ ಕೈಕೆಳಗಿನಿಂದ ಎಳೆದುಕೊಂಡೆ.

"ಮತ್ತ ನೋಡಲಾರದನ ಹಾಕ್ತೀರೇನು?"

"ಇದು ಸರಿಯಾಗುತ್ತೆ ರೀ."

"ನಿನ್ನೆದೂ ಸರಿ ಆಗ್ತಿತ್ತು. ಡ್ರೈವರ್ ಅಲ್ಲಿ ಕುಂತಾನ, ಹೋಗಿ ಕೇಳ್ರಿ."

ಆಯಾ ಬಾಯಿಗೆ ಸೆರಗು ಹಿಡಿದುಕೊಂಡಳು. "ಸಾಹೇಬ್ರ, ಬೈದ್ರ ಹೆಂಗಿರ್ತದ ಅಂತ ಈಗ ಗೊತ್ತಾತೇನು?" ನಮ್ಮ ಆಫೀಸಿನ ಮಾತು ಆಕೆಗೆ ಯಾರು ಹೇಳಿದ್ದರೋ. ಇವರೇ ಹೇಳಿರಬೇಕು. ಅದರರ್ಥ ನನಗೆ ಆಗ ಹೊಳೆಯಲಿಲ್ಲ.

ನಾನು ಅಂದು ಹೇಳಿದ ಕ್ರಮ ಯಾವ ಪುಸ್ತಕದ್ದೂ ಅಲ್ಲ. ಬಟ್ಟೆಗೆ ಎಣ್ಣೆ ಚೆಲ್ಲಿದರೆ ಮೊದಲು ಉಜ್ಜುವುದನ್ನು ನಿಲ್ಲಿಸಬೇಕು ಎಂದು ಚಿಕ್ಕಮ್ಮ ಹೇಳುತ್ತಿದ್ದಳು, ಅಷ್ಟೇ ನನಗೆ ಗೊತ್ತಿದ್ದದ್ದು. ಮೊದಲು ಹಳೆಯ ಫ್ಲಾಪಿ ಹಾಕಿಸಿದೆ. ಬಾಲ ಕತ್ತರಿಸಿದ್ದರೂ ಪರವಾಗಿಲ್ಲ, ಆ ಹೆಸರುಗಳಿಗೆ ಒಬ್ಬೊಬ್ಬರೇ ಏಳುತ್ತಿದ್ದರು. ಆಮೇಲೆ ಬೆಳಗಿನಿಂದ ಒಳಗೆ ಹೋದವರ ಪಟ್ಟಿ ತೆಗೆದು, ಆಯಾಳ ಜೊತೆ ಬೆಂಚು ಬೆಂಚಿಗೆ ಹೋಗಿ ಯಾರಿಗೆ ಯಾರ ಹನಿ ಬಿದ್ದಿದೆ ಎಂದು ಕೇಳಿ ಬರೆದೆ. ತಪ್ಪಾಗಿ ಹೋದವರು ಆರು ಜನ. ಐವರು ಹೇಗೂ ಹನಿ ಹಾಕಿಸಿಕೊಳ್ಳಲೇ ಬಂದವರು, ಸರದಿ ಮಾತ್ರ ಹಿಂದೆ ಮುಂದೆ ಆಗಿತ್ತು. ಆರನೆಯವನು ಡ್ರೈವರು. ಸಂಜೆಗೆ ತಾನೇ ಸರಿಹೋಗುತ್ತದೆ ಎಂದು ಡಾಕ್ಟರಮ್ಮ ನೋಡಿ ಹೇಳಿದರು. ಇವರು ಆರೂ ಜನರ ಮುಂದೆ ಹೋಗಿ ಕೈಮುಗಿದು ತಪ್ಪಾಯಿತು ಎಂದರು. ನಾನು ಹೇಳಿಸಲಿಲ್ಲ, ಅವರಾಗಿಯೇ ಹೋದರು. ಡ್ರೈವರ್ ಮಾತ್ರ, "ಯಾರು ಕೈ ಮುಗ್ಯಾಕತ್ತಾರ?" ಎಂದು ಪಕ್ಕದವರನ್ನು ಕೇಳಿದ.

ಆಮೇಲೆ ಹೊಸ ಬದಲಾವಣೆ. ಹೆಸರು ಪೂರ್ತಿ, ಎರಡು ಸಾಲಿನಲ್ಲಿ, ಕೆಳಗೆ ಚಿಕ್ಕದಾಗಿ ತಂದೆಯದೋ ಗಂಡನದೋ ಹೆಸರು. ಅದನ್ನು ಹಾಲಿನ ಕಂಪ್ಯೂಟರಿಗೆ ಹಾಕಬಾರದು, ಪಕ್ಕದ ಕೋಣೆಯದಕ್ಕೆ ಹಾಕಿ ಮೊದಲು ನೋಡಬೇಕು ಎಂದೆ. ಯಾರ ಹೆಸರಿನಿಂದ ನೋಡುವುದು? ಅವರ ಹೆಸರು, ನನ್ನ ಹೆಸರಿನಿಂದ ಏನಾಗುತ್ತದೆಂದು ಕಂಡಿದ್ದೆವು. ಆಯಾಳೇ ಹೇಳಿದಳು, "ನಲವತ್ತು ಮಂದಿ ಗಿಡದ ನೆಳ್ಳಾಗ ಸುಮ್ಮನ ಕುಂತಾರಲ್ರಿ. ಸಂಜಿತನ ಅವರಿಗೂ ಕೆಲಸ ಇಲ್ಲ."

ಮಧ್ಯಾಹ್ನ ಎರಡಕ್ಕೆ ಹೊರರೋಗಿಗಳ ಹೊತ್ತು ಮುಗಿಯಿತು. ಆಸ್ಪತ್ರೆಯವರು ಆ ಹಳ್ಳಿಯವರಿಗೆ ಊಟ ಹಾಕಿದ್ದರು. ಎಲ್ಲರೂ ಹಾಲಿಗೆ ಬಂದು ಕೂತರು. ನಾನು ನಿಯಮ ಹೇಳಿದೆ: ತಮ್ಮನ್ನೇ ಕರೆದರು ಅನಿಸಿದವರು ಏಳಬೇಕು. ಒಬ್ಬರೇ ಎದ್ದರೆ ಯಂತ್ರ ಗೆದ್ದಿತು, ಇಬ್ಬರು ಎದ್ದರೆ ನೀವು ಗೆದ್ದಿರಿ. ಆಯಾ ಪಕ್ಕದ ಕೋಣೆಯ ಪರದೆ ನೋಡಿ ಬಾಗಿಲಲ್ಲಿ ನಿಂತು ಕೂಗುತ್ತ ಹೋದಳು. ಒಬ್ಬ, ಒಬ್ಬಳು, ಒಬ್ಬ. ಹತ್ತು ಹೆಸರು ಹಾಗೇ ಸಾಗಿದ ಮೇಲೆ ಜನಕ್ಕೆ ಬೇಸರ ಬಂತು. ಯಾರಾದರೂ ಇಬ್ಬರು ಏಳಲಿ ಎಂದು ಕಾಯತೊಡಗಿದರು.

ಹದಿನಾಲ್ಕನೆಯದಕ್ಕೆ ಇಬ್ಬರು ಅಜ್ಜಂದಿರು ಎದ್ದರು. ಹಾಲಿನಲ್ಲಿದ್ದವರೆಲ್ಲ ಚಪ್ಪಾಳೆ ಹೊಡೆದರು. ಇಬ್ಬರದೂ ಒಂದೇ ಹೆಸರು, ಒಂದೇ ಮನೆತನ, ಅಪ್ಪಂದಿರ ಹೆಸರೂ ಒಂದೇ. ವಯಸ್ಸು ಕೂಡ ತೋರಿಸಿದರೆ ಆಯಿತು ಎಂದು ಇವರು ಬರೆದುಕೊಂಡರು. ಆಯಾ ಕೇಳಿದಳು, "ನಿಮ್ಮಾಗ ದೊಡ್ಡಾವ ಯಾರಪ್ಪ?" ಇಬ್ಬರೂ ಕೈಯೆತ್ತಿದರು. ಅದು ಆ ಊರಿನ ಹಳೆಯ ಜಗಳವಂತೆ. ಕಾರ್ಡು ತೆಗೆದು ನೋಡಿದಾಗ ಒಬ್ಬರು ಎರಡು ವರ್ಷ ಚಿಕ್ಕವರೆಂದು ಗೊತ್ತಾಯಿತು. ಸೋತ ಅಜ್ಜ, "ಕಾರ್ಡ್ ಬರದಾವ ಕುಡದಿದ್ದ," ಎಂದು ಕೂತುಬಿಟ್ಟರು.

ಇಪ್ಪತ್ತೊಂದನೆಯದಕ್ಕೆ ಯಾರೂ ಏಳಲಿಲ್ಲ. ಎರಡು ಸಲ ಕೂಗಿದರೂ ಇಲ್ಲ. ಮೂರನೆಯ ಬೆಂಚಿನ ಹೆಂಗಸೊಬ್ಬಳನ್ನು ಪಕ್ಕದವರು ತಿವಿದರು. ಆಕೆ ಕೂತಲ್ಲಿಂದಲೇ, "ನನ್ನ ಗಂಡನ ಹೆಸರ ಹಂಗ ನಾಕ್ ಮಂದ್ಯಾಗ ಒದರಿದ್ರ ನಾ ಹೆಂಗ ಏಳ್ಲಿ?" ಎಂದಳು. ಇದು ನನ್ನ ತಲೆಗೂ ಬಂದಿರಲಿಲ್ಲ. ಗಂಡನ ಹೆಸರು ಪರದೆಯ ಮೇಲೆ ಇರಲಿ, ಆಯಾ ನೋಡಿಕೊಳ್ಳಲಿ, ಬಾಯಿಬಿಟ್ಟು ಓದುವುದು ಬೇಡ ಎಂದು ಬರೆದೆವು. ಬದಲಾಯಿಸಿ, ನಲವತ್ತೂ ಹೆಸರನ್ನು ಮತ್ತೆ ಮೊದಲಿನಿಂದ ಕೂಗಿಸಿದೆ.

"ಮತ್ತೆ ಮೊದಲಿಂದಲೇನ್ರೀ?" ಎಂದರು ಇವರು.

"ಮೊದಲಿಂದನ."

ಈ ಬುದ್ಧಿ ಅವರಿಗೆ ಆಫೀಸಿನಲ್ಲಿ ಪೂರ್ತಿ ಬಂತು, ಮನೆಯಲ್ಲಿ ಬರಲೇ ಇಲ್ಲ. ಮದುವೆಯಾದ ಮೇಲೆ ಒಮ್ಮೆ ನಾನು ಊರಿಗೆ ಹೋದಾಗ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಅಕ್ಷರಮಾಲೆಯ ಪ್ರಕಾರ ಜೋಡಿಸಿಟ್ಟಿದ್ದರು. ಅವಲಕ್ಕಿ ಒಲೆಯ ಪಕ್ಕ, ಸಾಸಿವೆ ಅಟ್ಟದ ಮೇಲೆ. ಒಗ್ಗರಣೆ ಹಾಕಿ ತೋರಿಸಿ ಎಂದೆ. ಎಣ್ಣೆ ಹೊಗೆಯಾಡುವಾಗ ಸ್ಟೂಲು ಹುಡುಕುತ್ತಿದ್ದರು. ಈಗಲೂ ಸಾಸಿವೆ ಅಟ್ಟದ ಮೇಲೇ ಇದೆ, ಇಳಿಸಲು ಮನಸ್ಸಾಗಿಲ್ಲ.

ಐದು ಗಂಟೆಗೆ ಸರಿಯಾಗಿ ಮಾಲೀಕರು ಬಂದರು. ಎರಡನೆಯ ಸುತ್ತಿನ ಕೊನೆಯ ಹೆಸರುಗಳು ನಡೆಯುತ್ತಿದ್ದವು. ಒಂದು ಹೆಸರಿಗೆ ಒಬ್ಬರು ಏಳುವುದನ್ನು ಬಾಗಿಲಲ್ಲಿ ನಿಂತು ನೋಡಿದರು. ಡಾಕ್ಟರಮ್ಮನೂ ಬಂದು ನಿಂತರು. ನಲವತ್ತನೆಯ ಹೆಸರೂ ಮುಗಿದ ಮೇಲೆ ಡ್ರೈವರ್ ತಾನೇ ಎದ್ದು, "ನನ್ನ ಹೆಸರು ಬರಲೇ ಇಲ್ಲ," ಎಂದ. ಆತ ರೋಗಿಯಲ್ಲ, ಪಟ್ಟಿಯಲ್ಲಿ ಇರಬಾರದು, ಬರದಿದ್ದದ್ದೇ ಸರಿ ಎಂದು ತಿಳಿಸಿ ಹೇಳಬೇಕಾಯಿತು.

ಮಾಲೀಕರು ನನ್ನ ಕಡೆ ತಿರುಗಿದರು. ಅವರ ಮುಖ ಬೆಳಗ್ಗೆ ಫೋನಿನಲ್ಲಿ ಕೇಳಿದ ದನಿಯಷ್ಟು ಗಟ್ಟಿಯಾಗಿರಲಿಲ್ಲ, ಆದರೂ ಬಂದ ಕೆಲಸ ಮರೆತಿರಲಿಲ್ಲ. "ಅಮ್ಮಾಯಿ, ಇದನ್ನು ನಿನ್ನೆಯೇ ಮಾಡಿದ್ದರೆ..." ಎಂದು ಶುರು ಮಾಡಿದರು.

"ಅವರು ನೋಡಿಲ್ಲ ಸರ್," ಎಂದರು ಇವರು. ತೆಲುಗಿನಲ್ಲಿ ಹೇಳಿದರು. ಅವರ ತೆಲುಗು ಆಗ ಬಹಳ ಕೆಟ್ಟದಾಗಿತ್ತು, ಆದರೆ ಆ ಮಾತನ್ನು ಬೆಳಗಿನಿಂದ ಅಭ್ಯಾಸ ಮಾಡಿದಂತೆ ಬಿಡಿಬಿಡಿಯಾಗಿ ಹೇಳಿದರು. "ನಾನು ಬದಲಾಯಿಸಿದೆ. ಅವರಿಗೆ ತೋರಿಸಲಿಲ್ಲ. ನಾನೇ ತಂದು ಹಾಕಿದೆ. ಬೆಳಗ್ಗೆ ಫೋನಿನಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. ಕಳಿಸೋದಾದ್ರೆ ನನ್ನನ್ನು ಕಳಿಸಿ."

ಹಳ್ಳಿಯವರು ಇದೂ ಆಟದ ಭಾಗವೇ ಎಂಬಂತೆ ನೋಡುತ್ತಿದ್ದರು. ಮಾಲೀಕರು, "ಕಳಿಸಿದರೆ ಹೋಗುತ್ತೀಯಾ?" ಎಂದು ಕೇಳಿದರು. ಇವರು ಹೌದೆಂದು ತಲೆಯಾಡಿಸಿದರು.

ನಾನು ಅಂದು ಯಾಕೆ ಬಾಯಿಬಿಟ್ಟೆನೋ. ಹಿರಿಯರ ಮಾತಿನ ನಡುವೆ ಮಾತಾಡುವವಳಲ್ಲ ನಾನು. "ಅವರು ಹೋದರೆ ನಾನು ಯಾರ ತಪ್ಪು ಹುಡುಕಲಿ ಸರ್?" ಎಂದೆ.

ಮೊದಲು ನಕ್ಕದ್ದು ಡಾಕ್ಟರಮ್ಮ. ಆಮೇಲೆ ಆಯಾ, ಆಮೇಲೆ ಸಂದರ್ಭ ಗೊತ್ತಿಲ್ಲದಿದ್ದರೂ ಹಳ್ಳಿಯವರು. ಮಾಲೀಕರು ನಗು ತಡೆದುಕೊಂಡು ತೀರ್ಪು ಹೇಳಿದರು. ನಾನು ಅಂದಿನಿಂದಲೇ ಖಾಯಂ. ಗಡುವು ಇನ್ನು ಇವರಿಗೆ, ಮೂರು ತಿಂಗಳು. "ಈ ಅಮ್ಮಾಯಿ ಸೈ ಅನ್ನುವವರೆಗೆ ನಿನ್ನ ಫ್ಲಾಪಿ ಜೇಬಿನಿಂದ ಹೊರಗೆ ಬರಬಾರದು. ಅರ್ಧ ಸಾಲು ಬದಲಾಯಿಸಿದರೂ ಬರಬಾರದು."

ಡ್ರೈವರು ಹೊರಗೆ ಹೋಗಿ ದೂರದಲ್ಲಿದ್ದ ಮೂರು ಅಂಗಡಿಗಳ ಬೋರ್ಡು ಗಟ್ಟಿಯಾಗಿ ಓದಿ ತೋರಿಸಿದ ಮೇಲೆ ಡಾಕ್ಟರಮ್ಮ ಬಸ್ಸು ಬಿಟ್ಟರು.

ಮರುದಿನ ಬೆಳಗ್ಗೆ ಇವರು ಫ್ಲಾಪಿ ಹಿಡಿದು ನನ್ನ ಮೇಜಿನ ಮುಂದೆ ಬಂದು ನಿಂತರು. ಬೇರೆ ಒಂದು ಕೆಲಸದ್ದು, ಚಿಕ್ಕ ಬದಲಾವಣೆ. "ನೋಡಿ ಸೈ ಅನ್ನಿ," ಎಂದರು. ಒಂದೊಂದಾಗಿ ಒತ್ತುತ್ತ ಹೋದೆ. ನಾಲ್ಕು ತಪ್ಪು ಸಿಕ್ಕವು. ಬರೆದುಕೊಂಡು ಹೋದರು, ತಿದ್ದಿಕೊಂಡು ಬಂದರು. ಮತ್ತೆ ಮೊದಲಿನಿಂದ ನೋಡಿದೆ. ನಾಲ್ಕೂ ಸರಿಯಾಗಿದ್ದವು, ಐದನೆಯದು ಎಲ್ಲೂ ಇರಲಿಲ್ಲ. ಸೈ ಎಂದರೆ ಅವರು ಹೊರಟು ಹೋಗುತ್ತಾರೆ.

"ಇನ್ನೂ ನೋಡೋದು ಐತ್ರಿ," ಎಂದೆ. "ಸ್ವಲ್ಪ ಹೊತ್ತು ಕೂಡ್ರಿ."

ಕೂತರು.